ಓದುವಾಗ ಎಲ್ಲಾ ಅರ್ಥ ಆಗುತ್ತೆ, ಆಪ್ಷನ್ ನೋಡಿದ್ರೆ ತಲೆ ಕೆಡುತ್ತೆ: ಸೈಕಾಲಜಿ ಬೇಸಿಕ್ ಪ್ರಶ್ನೆಗಳ ಬಗ್ಗೆ

ಪ್ರಶ್ನೆ: ಮೇಡಂ, ನಾನು ಬಿ.ಎಡ್ ಓದ್ತಾ ಇದ್ದೀನಿ, ಜೊತೆಗೆ ಟಿಇಟಿಗೂ (ಶಿಕ್ಷಕರ ಅರ್ಹತಾ ಪರೀಕ್ಷೆ) ತಯಾರಿ ನಡೀತಿದೆ. ಸೈಕಾಲಜಿ ನನಗೆ ತುಂಬಾ ಇಷ್ಟದ ಸಬ್ಜೆಕ್ಟು, ನೋಟ್ಸ್ ಮತ್ತೆ ಮತ್ತೆ ಓದಿದ್ದೀನಿ, ಹೈಲೈಟರ್ ಹಾಕಿ ಇಟ್ಕೊಂಡಿದ್ದೀನಿ. ಆದ್ರೆ ಮಾಕ್ ಟೆಸ್ಟ್ ಬರೆದ್ರೆ ಅರ್ಧ ಮಾರ್ಕ್ಸ್ ದಾಟೋದೇ ಕಷ್ಟ. ತಪ್ಪಾದ ಪ್ರಶ್ನೆಗಳನ್ನ ಕೆಳಗೆ ಹಾಕಿದ್ದೀನಿ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿದಾಗ ಶಬ್ದ ನಿಲ್ಲೋದು (ನಾನು ಶಿಕ್ಷೆ ಅಂತ ಬರೆದೆ), ಬಿಳಿ ಕೋಟು ನೋಡಿದ್ರೆ ಅಳೋ ಮಗು (ಕಾರಕ ಅನುಬಂಧನ ಅಂತ ಬರೆದೆ), +0.60 ಮತ್ತು -0.85 ಇದರಲ್ಲಿ ಯಾವ ಸಹಸಂಬಂಧ ಬಲವಾದದ್ದು (ಪ್ಲಸ್ ಇರೋದು ಅಂದೆ), ಹಳೇ ಪಾಸ್‌ವರ್ಡ್ ಅಡ್ಡ ಬಂದು ಹೊಸದು ಮರೆಯೋದು ಯಾವ ಅಡಚಣೆ, ಸ್ಕಿಜೋಫ್ರೇನಿಯಾ ಅಂದ್ರೆ ಎರಡು ವ್ಯಕ್ತಿತ್ವ ಅನ್ನೋದು ಸರಿಯೋ ತಪ್ಪೋ. ಇಸವಿ, ಹೆಸರು ಎಲ್ಲಾ ಬಾಯಿಪಾಠ ಮಾಡ್ಬೇಕಾ? ಡೌಟ್ ಇದ್ರೆ ಮೊದಲು ತೋಚಿದ್ದನ್ನ ಬದಲಾಯಿಸಬಾರದು ಅಂತಾರಲ್ಲ, ಅದು ನಿಜವಾ?

ಉತ್ತರ: ನೀವು ಕಳಿಸಿದ ಪ್ರಶ್ನೆಗಳನ್ನ ಒಂದೊಂದಾಗಿ ನೋಡಿದೆ, ಈ ಐದರಲ್ಲಿ ಒಂದೂ ನಿಮಗೆ ವ್ಯಾಖ್ಯೆ ಗೊತ್ತಿಲ್ಲದೆ ತಪ್ಪಾಗಿದ್ದಲ್ಲ. "ಋಣಾತ್ಮಕ ಪುನರ್ಬಲನ ಎಂದರೇನು" ಅಂತ ಕೇಳಿದ್ರೆ ನೀವು ಎರಡು ಸಾಲು ಚೆನ್ನಾಗೇ ಬರೀತೀರ. ಆದ್ರೆ ಟೆಸ್ಟು ಹಾಗೆ ಕೇಳಲ್ಲ, ಒಂದು ಸನ್ನಿವೇಶ ಕೊಟ್ಟು ಇದು ಯಾವುದು ಗುರುತಿಸು ಅನ್ನುತ್ತೆ, ಅದರ ಪಕ್ಕದಲ್ಲೇ ಅದರ ಥರಾನೇ ಕಾಣೋ ಇನ್ನೊಂದು ಆಪ್ಷನ್ ಇಟ್ಟಿರುತ್ತೆ. ಈ ಸಬ್ಜೆಕ್ಟಲ್ಲಿ ಕಾನ್ಸೆಪ್ಟುಗಳು ಒಂಟಿಯಾಗಿ ಇರಲ್ಲ, ಜೋಡಿ ಜೋಡಿಯಾಗಿ ಇರುತ್ವೆ, ಪ್ರಶ್ನೆ ಮಾಡೋರು ಆ ಜೋಡಿಯ ಮಧ್ಯದ ಗೆರೆ ಮೇಲೇ ಪ್ರಶ್ನೆ ಮಾಡ್ತಾರೆ. ನೀವು ಓದ್ತಿರೋದು ಮನೆಗಳನ್ನ, ಅವರು ಕೇಳ್ತಿರೋದು ಬೇಲಿನ.

ಮೊದಲು ಸೀಟ್ ಬೆಲ್ಟ್ ವಿಷಯ, ಯಾಕಂದ್ರೆ ಇದರಲ್ಲಿ ಎಡವದೇ ಇರೋರು ಕಮ್ಮಿ, ನಾನು ಪಾಠ ಮಾಡೋ ಕ್ಲಾಸಲ್ಲಿ ಪ್ರತಿ ವರ್ಷ ಅರ್ಧಕ್ಕಿಂತ ಹೆಚ್ಚು ಜನ ಶಿಕ್ಷೆ ಅಂತಾನೇ ಬರೀತಾರೆ. ಮನಃಶಾಸ್ತ್ರಜ್ಞ ಸ್ಕಿನ್ನರ್ ಹೇಳಿದ್ದರಲ್ಲಿ ಎರಡೇ ಎರಡು ಪ್ರಶ್ನೆ ಇದೆ. ಒಂದು, ಆ ವರ್ತನೆ ಮುಂದೆ ಹೆಚ್ಚಾಯ್ತಾ ಕಮ್ಮಿ ಆಯ್ತಾ? ಹೆಚ್ಚಾದ್ರೆ ಪುನರ್ಬಲನ, ಕಮ್ಮಿ ಆದ್ರೆ ಶಿಕ್ಷೆ. ಎರಡು, ವರ್ತನೆ ಆದ್ಮೇಲೆ ಏನಾದ್ರೂ ಬಂದು ಸೇರ್ತಾ, ಇಲ್ಲಾ ಇದ್ದದ್ದು ಹೋಯ್ತಾ? ಸೇರಿದ್ರೆ ಧನಾತ್ಮಕ, ಹೋದ್ರೆ ಋಣಾತ್ಮಕ. ಅಷ್ಟೇ. ಇಲ್ಲಿ ಧನ ಋಣ ಅನ್ನೋದು ಕೂಡಿಸೋದು ಕಳೆಯೋದು, ಒಳ್ಳೇದು ಕೆಟ್ಟದ್ದು ಅಲ್ಲ. ಬೆಲ್ಟ್ ಹಾಕ್ದೆ, ಕಿವಿಗೆ ಕಿರಿಕಿರಿ ಮಾಡ್ತಿದ್ದ ಶಬ್ದ ಹೋಯ್ತು, ನಾಳೆ ಕಾರು ಹತ್ತಿದ ತಕ್ಷಣ ಬೆಲ್ಟ್ ಹಾಕ್ತೀರ. ವರ್ತನೆ ಹೆಚ್ಚಾಯ್ತು, ಏನೋ ಒಂದು ಹೋಯ್ತು. ಋಣಾತ್ಮಕ ಪುನರ್ಬಲನ. ತಲೆನೋವಿಗೆ ಮಾತ್ರೆ ನುಂಗೋದು ಅದೇ, ನೋವು ಹೋಯ್ತು ಅಂತ ಮುಂದಿನ ಸಲವೂ ಮಾತ್ರೆ ಹುಡುಕ್ತೀರ.

ಈಗ ಸ್ವಲ್ಪ ಕಷ್ಟದ್ದು. ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿದ್ದಕ್ಕೆ ಟ್ರಾಫಿಕ್ ಪೊಲೀಸರು ದಂಡ ಹಾಕಿದ್ರು, ಅವತ್ತಿಂದ ಹೆಲ್ಮೆಟ್ ಇಲ್ಲದೆ ಆಚೆ ಹೋಗಲ್ಲ. ಏನಿದು? ಶಿಕ್ಷೆ ಅಂತ ಎಲ್ಲರೂ ಹೇಳ್ತಾರೆ, ಸರಿ, ಯಾವ ಶಿಕ್ಷೆ? ದಂಡ "ಬಿತ್ತು" ಅಂತ ನಾವು ಮಾತಾಡೋದ್ರಿಂದ ಏನೋ ಬಂತು ಅನ್ಸುತ್ತೆ, ಆದ್ರೆ ಜೇಬಿಂದ ದುಡ್ಡು ಹೋಯ್ತು, ಹಾಗಾಗಿ ಋಣಾತ್ಮಕ ಶಿಕ್ಷೆ. ಮಗನ ಮೊಬೈಲ್ ಕಿತ್ತಿಟ್ಕೊಳ್ಳೋದೂ ಇದೇ ಬಾಕ್ಸು. ಬೈಯೋದು, ಬಸ್ಕಿ ಹೊಡೆಸೋದು ಧನಾತ್ಮಕ ಶಿಕ್ಷೆ.

ಇನ್ನೊಂದು ನೋಡಿ, ಇದನ್ನ ಬಿಡಿಸೋಕೆ ಬಂದ್ರೆ ಈ ಅಧ್ಯಾಯ ನಿಮ್ಮ ಕೈಲಿದೆ ಅಂತ ಅರ್ಥ. ಅಂಗಡಿ ಮುಂದೆ ಮಗು ರಚ್ಚೆ ಹಿಡಿದು ಅಳುತ್ತೆ, ಅಮ್ಮ ತಡೀಲಾರದೆ ಚಾಕ್ಲೇಟ್ ಕೊಡಿಸ್ತಾಳೆ, ಅಳು ನಿಲ್ಲುತ್ತೆ. ಇದು ಯಾವ ಪುನರ್ಬಲನ? ಉತ್ತರ ಹೇಳೋ ಮೊದಲು ನೀವು ವಾಪಸ್ ಕೇಳ್ಬೇಕು, ಯಾರ ವರ್ತನೆ ಅಂತ. ಮಗುವಿನ ಅಳುವಿಗೆ ಚಾಕ್ಲೇಟ್ ಬಂತು, ನಾಳೆಯೂ ಅಳುತ್ತೆ, ಧನಾತ್ಮಕ. ಅಮ್ಮನ ಕೊಡಿಸೋ ವರ್ತನೆಗೆ ಅಳು ಅನ್ನೋ ಕಾಟ ಹೋಯ್ತು, ನಾಳೆಯೂ ಕೊಡಿಸ್ತಾಳೆ, ಋಣಾತ್ಮಕ. ಇಬ್ಬರೂ ಒಬ್ಬರಿಗೊಬ್ಬರು ಟ್ರೈನಿಂಗ್ ಕೊಡ್ತಿದ್ದಾರೆ, ಇಬ್ಬರಿಗೂ ಅದು ಗೊತ್ತಿಲ್ಲ. ಹಾಗೇನೇ ಕ್ಲಾಸಲ್ಲಿ ಗಲಾಟೆ ಮಾಡೋ ಹುಡುಗನ್ನ ಆಚೆ ನಿಲ್ಲಿಸ್ತೀರ, ಅವನ ಗಲಾಟೆ ಕಮ್ಮಿ ಆಗೋ ಬದಲು ಜಾಸ್ತಿ ಆಗುತ್ತೆ. ಮೇಷ್ಟ್ರು ಶಿಕ್ಷೆ ಕೊಟ್ಟೆ ಅಂದ್ಕೊಂಡಿರ್ತಾರೆ, ಆದ್ರೆ ಹುಡುಗನಿಗೆ ಗಣಿತದ ಪೀರಿಯಡ್ ತಪ್ಪಿತು, ಅವನ ಲೆಕ್ಕದಲ್ಲಿ ಅದು ಪುನರ್ಬಲನ. ಶಿಕ್ಷೆ ಹೌದೋ ಅಲ್ವೋ ಅನ್ನೋದನ್ನ ಕೊಟ್ಟೋರ ಉದ್ದೇಶ ನೋಡಿ ಹೇಳಂಗಿಲ್ಲ, ಆಮೇಲೆ ಏನಾಯ್ತು ಅನ್ನೋದನ್ನ ನೋಡಿ ಹೇಳ್ಬೇಕು. ನಾಳೆ ನೀವೇ ಟೀಚರ್ ಆದಾಗ ಇದು ಮಾರ್ಕ್ಸಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತೆ.

ಪುನರ್ಬಲನದ ಶೆಡ್ಯೂಲ್‌ಗಳನ್ನೂ, ಅಂದ್ರೆ ಫಲ ಯಾವಾಗ ಸಿಗುತ್ತೆ ಅನ್ನೋ ಲೆಕ್ಕವನ್ನೂ, ಇದರ ಜೊತೆಗೇ ಮುಗಿಸ್ಬಿಡಿ. ಎಷ್ಟು ಕೆಲಸ ಅನ್ನೋದನ್ನ ಎಣಿಸಿದ್ರೆ ಅನುಪಾತ, ಎಷ್ಟು ಹೊತ್ತು ಅನ್ನೋದಾದ್ರೆ ಅಂತರ. ದಕ್ಷಿಣ ಕನ್ನಡದ ಕಡೆ ಮನೇಲಿ ಬೀಡಿ ಕಟ್ಟೋರಿಗೆ ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ, ಅದು ಸ್ಥಿರ ಅನುಪಾತ. ಲಾಟರಿ, ಜೂಜಿನ ಮಷೀನು, ಬದಲಾಗುವ ಅನುಪಾತ, ಎಷ್ಟನೇ ಆಟಕ್ಕೆ ಗೆಲ್ತೀವಿ ಗೊತ್ತಿಲ್ಲ, ಅದಕ್ಕೇ ಬಿಡೋದು ಕಷ್ಟ. ಫೋನಲ್ಲಿ ರೀಲ್ಸ್ ಸ್ಕ್ರಾಲ್ ಮಾಡೋದೂ ಹೆಚ್ಚು ಕಮ್ಮಿ ಹಂಗೇ, ಎಷ್ಟನೇ ಸಲಕ್ಕೆ ಚೆನ್ನಾಗಿರೋದು ಸಿಗುತ್ತೋ ಗೊತ್ತಿರಲ್ಲ. ಯಾವ ಶೆಡ್ಯೂಲಲ್ಲಿ ಕಲಿತ ವರ್ತನೆ ಬೇಗ ಅಳಿಯಲ್ಲ ಅಂತ ಕೇಳಿದ್ರೆ ಬದಲಾಗುವ ಅನುಪಾತವನ್ನೇ ಟಿಕ್ ಮಾಡಿ.

ಎರಡನೇದು ಬಿಳಿ ಕೋಟು. ಅಭಿಜಾತ ಮತ್ತು ಕಾರಕ ಅನುಬಂಧನದ ಮಧ್ಯದ ಗೆರೆ ಇರೋದು ಇಲ್ಲಿ: ಪ್ರಾಣಿ ಅಥವಾ ಮಗು ಏನಾದ್ರೂ ಮಾಡಿದ್ದಕ್ಕೆ ಫಲ ಸಿಕ್ತಾ (ಕಾರಕ), ಇಲ್ಲಾ ಎರಡು ಪ್ರಚೋದನೆಗಳು ಒಟ್ಟೊಟ್ಟಿಗೆ ಬಂದದ್ದರಿಂದ ತಾನಾಗೇ ಪ್ರತಿಕ್ರಿಯೆ ಹುಟ್ಟಿತಾ (ಅಭಿಜಾತ)? ಪಾವ್ಲೋವ್ ಅನ್ನೋ ವಿಜ್ಞಾನಿ ಒಂದು ಶಬ್ದ ಕೇಳಿಸಿ ನಾಯಿಗೆ ಮಾಂಸ ಕೊಡ್ತಿದ್ರು, ನಾಯಿ ಜೊಲ್ಲು ಸುರಿಸಿದ್ದಕ್ಕೆ ಬಹುಮಾನ ಅಂತ ಮಾಂಸ ಸಿಗಲಿಲ್ಲ, ಜೊಲ್ಲು ಸುರಿಸಿದ್ರೂ ಸುರಿಸದಿದ್ರೂ ಮಾಂಸ ಬರ್ತಿತ್ತು. ಇನ್ನೊಬ್ಬ ಮನಃಶಾಸ್ತ್ರಜ್ಞ ಥಾರ್ನ್‌ಡೈಕನ ಪ್ರಯೋಗದ ಬೆಕ್ಕು ಹಾಗಲ್ಲ, ಅದು ಪೆಟ್ಟಿಗೆಯ ಚಿಲಕ ತೆಗೆದ್ರೆ ಮಾತ್ರ ಮೀನು. ನಿಮ್ಮ ಪ್ರಶ್ನೆಯ ಮಗು ಬಿಳಿ ಕೋಟು ನೋಡಿ ಅತ್ತಿದ್ದು ಏನೋ ಗಿಟ್ಟಿಸೋಕೆ ಅಲ್ಲ. ಹಿಂದೆ ಕೋಟು ಬಂದಾಗ ಸೂಜಿಯೂ ಬಂದಿತ್ತು. ಸೂಜಿ ನೋವು ಅನನುಬಂಧಿತ ಪ್ರಚೋದನೆ, ನೋವಿಗೆ ಅತ್ತಿದ್ದು ಅನನುಬಂಧಿತ ಪ್ರತಿಕ್ರಿಯೆ, ಬಿಳಿ ಕೋಟು ಅನುಬಂಧಿತ ಪ್ರಚೋದನೆ, ಕೋಟು ನೋಡಿ ಅಳೋದು ಅನುಬಂಧಿತ ಪ್ರತಿಕ್ರಿಯೆ. ಅಳು ಎರಡು ಕಡೆಯೂ ಒಂದೇ, ಅದಕ್ಕೇ ಗೊಂದಲ ಆಗೋದು, ಅಳುವನ್ನ ನೋಡ್ಬೇಡಿ, ಅದರ ಹಿಂದೆ ಏನಿದೆ ಅಂತ ನೋಡಿ. ಕಲಿಯದೇ ಬರೋದಾದ್ರೆ "ಅನ್" ಇದೆ, ಕಲಿತು ಬಂದದ್ದಾದ್ರೆ ಇಲ್ಲ.

ಇದೇ ಮಗುವನ್ನ ಇಟ್ಕೊಂಡು ಉಳಿದದ್ದೆಲ್ಲ ಮುಗಿಸಬಹುದು. ಕಟಿಂಗ್ ಶಾಪಿನವರು ಬಿಳಿ ಅಂಗಿ ಹಾಕಿದ್ದಕ್ಕೂ ಅತ್ರೆ ಅದು ಸಾಮಾನ್ಯೀಕರಣ. ಕ್ಷೌರದವರಿಗೆ ಅಳದೆ ಡಾಕ್ಟರಿಗೆ ಮಾತ್ರ ಅತ್ರೆ ವಿಭೇದೀಕರಣ. ಸುಮಾರು ಸಲ ಡಾಕ್ಟರ ಹತ್ರ ಹೋಗಿ ಸೂಜಿ ಇಲ್ಲದೆ ವಾಪಸ್ ಬಂದ್ರೆ ಅಳು ಕಮ್ಮಿ ಆಗ್ತಾ ಹೋಗುತ್ತೆ, ಅದು ವಿಲೋಪನ. ಒಂದಷ್ಟು ತಿಂಗಳು ಬಿಟ್ಟು ಮತ್ತೆ ಕೋಟು ಕಂಡಾಗ ಇದ್ದಕ್ಕಿದ್ದಂಗೆ ಅತ್ರೆ ಸ್ವಯಂ ಚೇತರಿಕೆ. ವಾಟ್ಸನ್ ಮತ್ತು ರೇಯ್ನರ್ 1920ರಲ್ಲಿ ಪುಟ್ಟ ಆಲ್ಬರ್ಟ್ ಅನ್ನೋ ಮಗುವಿನ ಮೇಲೆ ಮಾಡಿದ್ದೂ ಇದನ್ನೇ, ಬಿಳಿ ಇಲಿ ಮುಟ್ಟಿದಾಗೆಲ್ಲ ಹಿಂದಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಲ್ಲಿ ಹೊಡೆದು ಹೆದರಿಸಿದ್ರು, ಆಮೇಲೆ ಮಗು ಇಲಿ ಬಿಡಿ, ಮೊಲಕ್ಕೂ ತುಪ್ಪಳದ ಕೋಟಿಗೂ ಹೆದರೋಕೆ ಶುರು ಮಾಡ್ತು. ಆ ಭಯ ಹೋಗಿಸೋ ಕೆಲಸ ಮಾತ್ರ ಅವರು ಮಾಡಲೇ ಇಲ್ಲ. ಇವತ್ತು ಯಾವ ನೀತಿ ಸಮಿತಿಯೂ ಇಂಥದ್ದಕ್ಕೆ ಒಪ್ಪಲ್ಲ, ಒಪ್ಪಲೂಬಾರದು. ಕೆಲವೇ ವರ್ಷದಲ್ಲಿ, 1924ರಲ್ಲಿ, ಮೇರಿ ಕವರ್ ಜೋನ್ಸ್ ಇದರ ಉಲ್ಟಾ ಮಾಡಿ ತೋರಿಸಿದ್ರು, ಪೀಟರ್ ಅನ್ನೋ ಹುಡುಗನಿಗೆ ಇದ್ದ ಮೊಲದ ಭಯವನ್ನ, ಅವನಿಗಿಷ್ಟವಾದ ತಿಂಡಿ ಕೊಡ್ತಾ ಮೊಲವನ್ನ ಸ್ವಲ್ಪ ಸ್ವಲ್ಪ ಹತ್ರ ತರ್ತಾ ಬಿಡಿಸಿದ್ರು. ಆಲ್ಬರ್ಟ್ ಹೆಸರು ಎಲ್ಲರಿಗೂ ಗೊತ್ತು, ಪೀಟರ್ ಹೆಸರು ಯಾರಿಗೂ ನೆನಪಿರಲ್ಲ, ನನಗೆ ಇದು ಸ್ವಲ್ಪ ಬೇಜಾರಿನ ವಿಷಯ.

ಸಹಸಂಬಂಧದ್ದು, ಅಂದ್ರೆ ಎರಡು ವಿಷಯ ಒಂದರ ಜೊತೆ ಒಂದು ಎಷ್ಟು ಏರಿಳಿಯುತ್ತೆ ಅನ್ನೋ ಅಳತೆಯದ್ದು, ಎರಡೇ ನಿಮಿಷದ ಮಾತು. ಪ್ಲಸ್ಸು ಮೈನಸ್ಸು ದಿಕ್ಕು ಹೇಳುತ್ತೆ, ಅಂಕಿ ಬಲ ಹೇಳುತ್ತೆ. -0.85 ಅಂದ್ರೆ ಒಂದು ಏರಿದಂಗೆ ಇನ್ನೊಂದು ಇಳಿಯುತ್ತೆ, ಅದೂ ಬಹಳ ಪಕ್ಕಾ ಇಳಿಯುತ್ತೆ. ಹಾಗಾಗಿ +0.60ಗಿಂತ ಅದೇ ಬಲವಾದದ್ದು. ಸೊನ್ನೆಯಿಂದ ಎಷ್ಟು ದೂರ ಅಂತ ಮಾತ್ರ ನೋಡಿ. ಮತ್ತೆ ಸಹಸಂಬಂಧ ಇದ್ದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ ಅನ್ನೋದು ಕೂಡ ಗ್ಯಾರಂಟಿ ಪ್ರಶ್ನೆ. ಪ್ರೈಮರಿ ಸ್ಕೂಲಲ್ಲಿ ಶೂ ಸೈಜ್ ದೊಡ್ಡದಿರೋ ಮಕ್ಕಳು ಚೆನ್ನಾಗಿ ಓದ್ತಾರೆ, ಲೆಕ್ಕ ಹಾಕಿದ್ರೆ ಸಂಬಂಧ ಸಿಕ್ಕೇ ಸಿಗುತ್ತೆ, ಆದ್ರೆ ದೊಡ್ಡ ಶೂ ಕೊಡಿಸಿದ್ರೆ ಯಾರೂ ಓದಲ್ಲ, ಅಲ್ಲಿ ವಯಸ್ಸು ಅನ್ನೋ ಮೂರನೇದು ಕೂತಿದೆ. ಕಾರಣ ಅಂತ ಹೇಳ್ಬೇಕಾದ್ರೆ ಪ್ರಯೋಗ ಬೇಕು, ಜನರನ್ನ ಗುಂಪುಗಳಿಗೆ ಚೀಟಿ ಎತ್ತಿ ಹಂಚಿದಂಗೆ ಯಾದೃಚ್ಛಿಕವಾಗಿ ಹಂಚಿರಬೇಕು.

ಸ್ವತಂತ್ರ ಚರ, ಅವಲಂಬಿತ ಚರ ಅನ್ನೋದನ್ನ ಇಲ್ಲೇ ಒಂದು ನಿಜವಾದ ಪ್ರಯೋಗದಲ್ಲಿ ನೋಡ್ಬಿಡಿ. 1974ರಲ್ಲಿ ಎಲಿಜಬೆತ್ ಲೋಫ್ಟಸ್ ಮತ್ತು ಜಾನ್ ಪಾಮರ್ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮು ತೋರಿಸಿ ಕಾರುಗಳು ಎಷ್ಟು ಸ್ಪೀಡಲ್ಲಿದ್ವು ಅಂತ ಕೇಳಿದ್ರು. ಎಲ್ಲರಿಗೂ ಅದೇ ಫಿಲ್ಮು, ಅದೇ ಪ್ರಶ್ನೆ, ಒಂದು ಪದ ಮಾತ್ರ ಬೇರೆ. ಕೆಲವರಿಗೆ ಕಾರುಗಳು "ಅಪ್ಪಳಿಸಿದಾಗ" ಅನ್ನೋ ಥರ, ಕೆಲವರಿಗೆ "ತಾಗಿದಾಗ" ಅನ್ನೋ ಥರ. ಅಪ್ಪಳಿಸಿದ್ದು ಅಂತ ಕೇಳಿಸ್ಕೊಂಡೋರು ಸರಾಸರಿ ಗಂಟೆಗೆ 40 ಮೈಲಿ ಆಸುಪಾಸು ಹೇಳಿದ್ರು, ತಾಗಿದ್ದು ಅಂತ ಕೇಳಿಸ್ಕೊಂಡೋರು 32ರ ಆಸುಪಾಸು. ಇಲ್ಲಿ ಸಂಶೋಧಕರು ಬದಲಾಯಿಸಿದ್ದು ಪದ, ಅದು ಸ್ವತಂತ್ರ ಚರ. ಅಳೆದದ್ದು ಹೇಳಿದ ಸ್ಪೀಡು, ಅದು ಅವಲಂಬಿತ ಚರ. ಯಾವ ಪ್ರಯೋಗ ಕೊಟ್ರೂ "ಅವರು ಏನನ್ನ ಬದಲಾಯಿಸಿದ್ರು, ಏನನ್ನ ಅಳೆದ್ರು" ಅಂತ ಕೇಳ್ಕೊಳ್ಳಿ, ಸಾಕು. ಇದರ ಮುಂದುವರಿಕೆ ಇನ್ನೂ ಮಜಾ ಇದೆ. ಇನ್ನೊಂದು ಗುಂಪಿನ ಮೇಲೆ ಇದನ್ನೇ ಮಾಡಿ ಒಂದು ವಾರ ಬಿಟ್ಟು ಒಡೆದ ಗಾಜು ನೋಡಿದ್ರಾ ಅಂತ ಕೇಳಿದ್ರು, ಫಿಲ್ಮಲ್ಲಿ ಗಾಜು ಒಡೆದೇ ಇರಲಿಲ್ಲ, ಆದ್ರೂ ಅಪ್ಪಳಿಸಿದ್ದು ಅಂತ ಕೇಳಿದ್ದ 50 ಜನರಲ್ಲಿ 16 ಜನ ಹೌದು ನೋಡಿದ್ವಿ ಅಂದ್ರು, ಬರೀ "ಡಿಕ್ಕಿ ಹೊಡೆದಾಗ" ಅಂತ ಕೇಳಿದ್ದ 50 ಜನರಲ್ಲಿ 7. ಸ್ಮೃತಿ ಅನ್ನೋದು ಸಿಸಿಟಿವಿ ರೆಕಾರ್ಡಿಂಗ್ ಅಲ್ಲ, ಪ್ರತಿ ಸಲ ನೆನೆಸ್ಕೊಂಡಾಗ ನಾವು ಅದನ್ನ ಮತ್ತೆ ಕಟ್ತೀವಿ. ಸ್ಮೃತಿ ಪುನರ್ರಚನಾತ್ಮಕ ಅಂತ ನಿಮ್ಮ ನೋಟ್ಸಲ್ಲಿ ಒಂದು ಸಾಲು ಇರುತ್ತಲ್ಲ, ಆ ಸಾಲಿನ ಹಿಂದೆ ಇರೋದು ಇದು.

ಪಾಸ್‌ವರ್ಡ್ ಪ್ರಶ್ನೆಗೆ ಬರ್ತೀನಿ. ಅಡಚಣೆ ಮಾಡ್ತಿರೋದು ಯಾವುದು ಅಂತ ನೋಡಿ, ಹೆಸರು ಅದರದ್ದು. ಹಳೇದು ಬಂದು ಹೊಸದನ್ನ ಕೆಡಿಸಿದ್ರೆ ಪೂರ್ವಪ್ರಭಾವಿ (ಪ್ರೋಆಕ್ಟಿವ್), ಹೊಸದು ಬಂದು ಹಳೇದನ್ನ ಅಳಿಸಿದ್ರೆ ಪೂರ್ವಾನ್ವಯ (ರೆಟ್ರೋಆಕ್ಟಿವ್). ನಿಮ್ಮದು ಮೊದಲನೇದು. ಗೇರ್ ಬೈಕ್ ಓಡಿಸಿ ಅಭ್ಯಾಸ ಇರೋರು ಮನೆಯವರ ಸ್ಕೂಟರ್ ಹತ್ತಿದ ದಿನ ಕ್ಲಚ್ಚು ಅಂತ ಎಡಗೈ ಲಿವರ್ ಹಿಡೀತಾರೆ, ಅದು ಹಿಂದಿನ ಬ್ರೇಕು, ಗಾಡಿ ಜರ್ಕ್ ಹೊಡೆದು ನಿಲ್ಲುತ್ತೆ, ಅದೂ ಹಳೇದು ಹೊಸದನ್ನ ಕೆಡಿಸಿದ್ದೇ. ಬಿ.ಎಡ್ ಪೇಪರಲ್ಲಿ ಇದೇ ಉದಾಹರಣೆ ಕಲಿಕೆಯ ವರ್ಗಾವಣೆ ಅಧ್ಯಾಯದಲ್ಲಿ ಬಂದ್ರೆ ಋಣಾತ್ಮಕ ವರ್ಗಾವಣೆ ಅಂತ ಬರೀಬೇಕು, ಆಪ್ಷನ್ ನೋಡಿ ಯಾವ ಅಧ್ಯಾಯದಿಂದ ಕೇಳ್ತಿದ್ದಾರೆ ಅಂತ ತಿಳ್ಕೊಳ್ಳಿ.

ಸ್ಮೃತಿ ಅಧ್ಯಾಯದಲ್ಲಿ ಇನ್ನೊಂದು ಹೆಸರು ನೀವು ಬಿಡಂಗಿಲ್ಲ, ಎಚ್.ಎಮ್. ಅಂತ. ಅಮೆರಿಕದ ಹೆನ್ರಿ ಮೊಲೈಸನ್, ಜೋರು ಅಪಸ್ಮಾರಕ್ಕೆ ಅಂತ 1953ರಲ್ಲಿ ಮೆದುಳಿನ ಎರಡೂ ಕಡೆಯ ಹಿಪ್ಪೋಕ್ಯಾಂಪಸ್ಸಿನ ಬಹುಭಾಗ ತೆಗೆದ್ರು, ಆಮೇಲೆ 2008ರಲ್ಲಿ ಸಾಯೋ ತನಕ ಅವರಿಗೆ ಹೊಸ ಘಟನೆಗಳು ನೆನಪಲ್ಲಿ ನಿಲ್ಲಲೇ ಇಲ್ಲ. ಈಗ ಮಾತಾಡ್ಸಿ ಆಚೆ ಹೋಗಿ ಬಂದ್ರೆ ಹೊಸಬರು ಅನ್ನೋ ಥರ ಮಾತಾಡ್ಸೋರು. ಆದ್ರೆ ಬ್ರೆಂಡಾ ಮಿಲ್ನರ್ ಅವರಿಗೆ ಕನ್ನಡಿಯಲ್ಲಿ ನೋಡ್ಕೊಂಡು ನಕ್ಷತ್ರದ ಗೆರೆ ಎಳೆಯೋ ಕೆಲಸ ಕೊಟ್ರು, ದಿನದಿಂದ ದಿನಕ್ಕೆ ಕೈ ಚೆನ್ನಾಗಿ ಕೂತ್ಕೊಳ್ತಾ ಹೋಯ್ತು, ನಿನ್ನೆ ಇದನ್ನ ಮಾಡಿದ್ದೀನಿ ಅನ್ನೋದು ಮಾತ್ರ ಅವರಿಗೆ ಗೊತ್ತೇ ಇಲ್ಲ. ಘಟನೆಯ ನೆನಪು ಬೇರೆ, ಕೈಯ ನೆನಪು ಬೇರೆ, ಎರಡಕ್ಕೂ ಮೆದುಳಲ್ಲಿ ದಾರಿ ಬೇರೆ. ಪ್ರಸಂಗ ಸ್ಮೃತಿ ಮತ್ತು ಕಾರ್ಯವಿಧಾನ ಸ್ಮೃತಿ ಅಂತ ಎರಡು ಆಪ್ಷನ್ ಪಕ್ಕ ಪಕ್ಕ ಇದ್ರೆ ಎಚ್.ಎಮ್. ನೆನೆಸ್ಕೊಳ್ಳಿ.

ಸ್ಕಿಜೋಫ್ರೇನಿಯಾ ಅಂದ್ರೆ ಎರಡು ವ್ಯಕ್ತಿತ್ವ ಅಲ್ಲ. ತಪ್ಪು ಅಂತ ಟಿಕ್ ಮಾಡಿ ಮುಂದೆ ಹೋಗಿ. ಅದರಲ್ಲಿ ಇರೋದು ಭ್ರಮೆಗಳು, ಇಲ್ಲದ ಧ್ವನಿ ಕೇಳಿಸೋದು, ಯೋಚನೆಯ ಎಳೆ ತಪ್ಪೋದು, ಭಾವನೆ ಮಂಕಾಗೋದು. ಒಬ್ಬರೊಳಗೆ ಬೇರೆ ಬೇರೆ ವ್ಯಕ್ತಿತ್ವ ಕಾಣಿಸ್ಕೊಳ್ಳೋದು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅನ್ನೋ ಬೇರೇನೇ ರೋಗನಿರ್ಣಯ, ಅದು ಅಪರೂಪ. ಸಿನಿಮಾಗಳು ಈ ಎರಡನ್ನ ಕಲಸಿ ಇಟ್ಟಿವೆ, ಅದಕ್ಕೆ ನಿಮ್ಮ ಮೇಲೆ ತಪ್ಪು ಹೊರಿಸಲ್ಲ. ಇದೇ ಜಾತಿಗೆ ಸೇರಿದ ಇನ್ನೆರಡು ಹೇಳ್ಬಿಡ್ತೀನಿ, ಮನುಷ್ಯ ಮೆದುಳಿನ 10 ಪರ್ಸೆಂಟ್ ಮಾತ್ರ ಬಳಸ್ತಾನೆ ಅನ್ನೋದು ಸುಳ್ಳು, ಮತ್ತೆ ಕೆಲವರು ನೋಡಿ ಕಲಿಯೋರು ಕೆಲವರು ಕೇಳಿ ಕಲಿಯೋರು, ಅವರವರ ಶೈಲಿಗೆ ತಕ್ಕಂಗೆ ಪಾಠ ಮಾಡಿದ್ರೆ ಹೆಚ್ಚು ಕಲೀತಾರೆ ಅನ್ನೋದಕ್ಕೂ ಗಟ್ಟಿ ಆಧಾರ ಇಲ್ಲ, 2008ರಲ್ಲಿ ಪ್ಯಾಶ್ಲರ್ ಮತ್ತೆ ಜೊತೆಗಾರರು ಎಲ್ಲಾ ಅಧ್ಯಯನ ಜಾಲಾಡಿ ಅದನ್ನೇ ಹೇಳಿದ್ರು. ಎರಡನೇದು ಶಿಕ್ಷಕರ ಟ್ರೈನಿಂಗಲ್ಲಿ ಇನ್ನೂ ಓಡಾಡ್ತಿದೆ.

ನೀವು ಕೇಳದೇ ಇದ್ರೂ, ಮಕ್ಕಳ ಯೋಚನೆ ಹಂತ ಹಂತವಾಗಿ ಬೆಳೆಯುತ್ತೆ ಅಂದ ಪಿಯಾಜೆ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಯಾಕಂದ್ರೆ ಟಿಇಟಿಯ 150 ಪ್ರಶ್ನೆಯಲ್ಲಿ 30 ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರದ್ದು, ಅದರಲ್ಲಿ ಈ ಮನುಷ್ಯ ಬರದೇ ಇರಲ್ಲ. ಹಂತಗಳ ವಯಸ್ಸು 0-2, 2-7, 7-11, 11ರ ಮೇಲೆ ಅಂತ ಬಾಯಿಪಾಠ ಮಾಡಿರ್ತೀರ, ಸರಿ. ಆದ್ರೆ ಪ್ರಶ್ನೆಯಲ್ಲಿ ವಯಸ್ಸು ಕೊಡದೆ ಮಗು ಏನು ಮಾಡ್ತು ಅಂತ ಕೊಡ್ತಾರೆ. ಅಗಲ ಬಟ್ಟಲಿನ ನೀರನ್ನ ಉದ್ದ ಲೋಟಕ್ಕೆ ಕಣ್ಣೆದುರೇ ಸುರಿದ್ರೂ ಲೋಟದಲ್ಲೇ ಜಾಸ್ತಿ ಇದೆ ಅಂದ್ರೆ ಪೂರ್ವ ಕಾರ್ಯಾಚರಣಾ ಹಂತ, ಸಂರಕ್ಷಣೆಯ ಅರಿವು ಇನ್ನೂ ಬಂದಿಲ್ಲ. ಚೆಂಡನ್ನ ಟವೆಲ್ ಕೆಳಗೆ ಮುಚ್ಚಿಟ್ರೆ ಹುಡುಕೋಕೆ ಹೋಗದೇ ಇರೋ ಕೂಸು ಸಂವೇದನಾ ಗತಿ ಹಂತದ್ದು, ವಸ್ತು ಸ್ಥಿರತೆ ಬಂದಿಲ್ಲ. ಫೋನಲ್ಲಿ ಅಜ್ಜಿ ಏನೋ ಕೇಳಿದ್ರೆ ಬರೀ ತಲೆ ಆಡಿಸೋ ಮಗು ಇದ್ಯಲ್ಲ, ಅಜ್ಜಿಗೆ ಕಾಣಲ್ಲ ಅಂತ ಅದಕ್ಕೆ ಹೊಳೆಯಲ್ಲ, ಅದು ಅಹಂಕೇಂದ್ರಿತತೆ, ಸ್ವಾರ್ಥ ಅಲ್ಲ, ಇನ್ನೊಬ್ಬರ ಜಾಗದಿಂದ ನೋಡೋಕೆ ಬರಲ್ಲ ಅಷ್ಟೇ. ವೈಗೋಟ್ಸ್ಕಿಗೆ ಬಂದ್ರೆ, ಮಗು ಒಂಟಿಯಾಗಿ ಮಾಡೋದಕ್ಕೂ ದೊಡ್ಡವರ ಸಹಾಯ ಸಿಕ್ಕಾಗ ಮಾಡೋದಕ್ಕೂ ನಡುವೆ ಇರೋ ಜಾಗ, ಅದೇ ಅವರ ಮುಖ್ಯ ವಿಚಾರ. ಆ ಸಹಾಯಕ್ಕೆ ಸ್ಕ್ಯಾಫೋಲ್ಡಿಂಗ್ ಅಂತ ಹೆಸರಿಟ್ಟಿದ್ದು ವೈಗೋಟ್ಸ್ಕಿ ಅಲ್ಲ, 1976ರಲ್ಲಿ ವುಡ್, ಬ್ರೂನರ್, ರಾಸ್. ಆದ್ರೆ ಟೆಸ್ಟಲ್ಲಿ ವೈಗೋಟ್ಸ್ಕಿ ಜೊತೆಗೇ ಜೋಡಿಸಿ ಕೇಳ್ತಾರೆ, ಅಲ್ಲಿ ವಾದಕ್ಕೆ ಇಳೀಬೇಡಿ, ಮಾರ್ಕ್ಸ್ ತಗೊಳ್ಳಿ.

ಇಸವಿ ಹೆಸರು ಬಾಯಿಪಾಠ ಮಾಡ್ಬೇಕಾ ಅಂದ್ರಿ. ಬೆರಳೆಣಿಕೆಯಷ್ಟು ಸಾಕು. 1879, ವುಂಟ್, ಲೈಪ್ಜಿಗ್, ಮೊದಲ ಪ್ರಯೋಗಾಲಯ. 1905, ಬಿನೆ ಮತ್ತು ಸೈಮನ್, ಮೊದಲ ಬುದ್ಧಿಶಕ್ತಿ ಪರೀಕ್ಷೆ. 1913, ವಾಟ್ಸನ್, ವರ್ತನಾವಾದ. 1943, ಮ್ಯಾಸ್ಲೋ, ಅಗತ್ಯಗಳ ಶ್ರೇಣಿ. 1904ರಲ್ಲಿ ಪಾವ್ಲೋವ್‌ಗೆ ನೊಬೆಲ್ ಬಂತು, ಆದ್ರೆ ಅನುಬಂಧನಕ್ಕಲ್ಲ, ಜೀರ್ಣಕ್ರಿಯೆಯ ಕೆಲಸಕ್ಕೆ, ಇದನ್ನ ಟ್ರಿಕ್ಕಾಗಿ ಕೇಳೋರಿದ್ದಾರೆ. ಬುದ್ಧಿಲಬ್ಧದ ಲೆಕ್ಕ ಬಂದೇ ಬರುತ್ತೆ, ಮಾನಸಿಕ ವಯಸ್ಸನ್ನ ನಿಜವಾದ ವಯಸ್ಸಿಂದ ಭಾಗಿಸಿ 100ರಿಂದ ಗುಣಿಸಿ, 8 ವರ್ಷದ ಮಗುವಿನ ಮಾನಸಿಕ ವಯಸ್ಸು 10 ಆದ್ರೆ 125. ಬಿನೆ ಪರೀಕ್ಷೆಯನ್ನ ನಮ್ಮ ಕಡೆಗೆ ಒಗ್ಗಿಸಿದ್ದು ವಿ.ವಿ. ಕಾಮತ್, ಬಾಂಬೆ-ಕರ್ನಾಟಕ ಭಾಗದ ಕನ್ನಡ ಮರಾಠಿ ಮಕ್ಕಳಿಗೆ ಹೊಂದುವಂಗೆ, ಬಿನೆ-ಕಾಮತ್ ಪರೀಕ್ಷೆ ಅಂತ ಇವತ್ತಿಗೂ ಹೆಸರು ಕೇಳ್ತೀರ. ಇನ್ನು ಇದು ಯಾವ ಟೆಸ್ಟಲ್ಲೂ ಬರಲ್ಲ, ಆದ್ರೂ ಹೇಳ್ತೀನಿ: ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗ 1924ರಷ್ಟು ಹಳೇದು, ಅದನ್ನ ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಲ್ಲಿ ಸ್ಪಿಯರ್ಮನ್ ಹತ್ರ ಕಲಿತು ಬಂದೋರು. ನಿಮ್ಮ ಸಿಲಬಸ್ಸಿನ ಎರಡು ಅಂಶ ಸಿದ್ಧಾಂತದ ಸ್ಪಿಯರ್ಮನ್, ಅದೇ ವ್ಯಕ್ತಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಶುರು ಮಾಡಿದ್ದೂ ಇದೇ ಗೋಪಾಲಸ್ವಾಮಿ, "ಆಕಾಶವಾಣಿ" ಅನ್ನೋ ಹೆಸರು ನಮ್ಮ ಕಿವಿಗೆ ಬಿದ್ದಿದ್ದು ಅಲ್ಲಿಂದ.

ಈಗ ನಿಜವಾದ ಸಮಸ್ಯೆ, ನೀವು ಓದೋ ರೀತಿ. ಮತ್ತೆ ಮತ್ತೆ ಓದೋದು ಮತ್ತೆ ಹೈಲೈಟ್ ಮಾಡೋದು, ಇವೆರಡನ್ನೂ 2013ರಲ್ಲಿ ಡನ್ಲೋಸ್ಕಿ ಮತ್ತೆ ಜೊತೆಗಾರರು ಹತ್ತು ಕಲಿಕೆಯ ತಂತ್ರಗಳನ್ನ ತೂಗಿ ನೋಡಿ ಕಡಿಮೆ ಉಪಯೋಗದ ಪಟ್ಟಿಗೆ ಹಾಕಿದ್ರು. ಮೇಲಿನ ಸ್ಥಾನ ಸಿಕ್ಕಿದ್ದು ಎರಡಕ್ಕೆ ಮಾತ್ರ, ತನ್ನನ್ನ ತಾನೇ ಪರೀಕ್ಷೆ ಮಾಡ್ಕೊಳ್ಳೋದು, ಮತ್ತೆ ಓದನ್ನ ದಿನಗಳ ಮೇಲೆ ಹರಡೋದು. ಇದಕ್ಕೆ ನನಗೆ ತುಂಬಾ ಇಷ್ಟವಾದ ಪ್ರಯೋಗ 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಮಾಡಿದ್ದು. ಒಂದು ಗುಂಪು ಪಾಠವನ್ನ ನಾಲ್ಕು ಸರದಿ ಓದ್ತು. ಇನ್ನೊಂದು ಗುಂಪು ಒಂದು ಸರದಿ ಮಾತ್ರ ಓದಿ, ಉಳಿದ ಮೂರು ಸರದಿ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೀತು. ಐದು ನಿಮಿಷ ಬಿಟ್ಟು ಟೆಸ್ಟ್ ಮಾಡಿದ್ರೆ ನಾಲ್ಕು ಸರದಿ ಓದಿದೋರೇ ಮುಂದೆ, 83 ಪರ್ಸೆಂಟು, ಇವರದ್ದು 71. ಒಂದು ವಾರ ಬಿಟ್ಟು ಟೆಸ್ಟ್ ಮಾಡಿದ್ರೆ ಪೂರ್ತಿ ಉಲ್ಟಾ, ಬರೀ ಓದಿದೋರಿಗೆ 40, ಬರೆದು ನೋಡ್ಕೊಂಡೋರಿಗೆ 61. ಇನ್ನೂ ವಿಚಿತ್ರ ಅಂದ್ರೆ ನಮಗೆ ಒಂದು ವಾರ ಆದ್ರೂ ನೆನಪಿರುತ್ತೆ ಅಂತ ಹೆಚ್ಚು ಧೈರ್ಯವಾಗಿ ಹೇಳಿದ್ದು ನಾಲ್ಕು ಸರದಿ ಓದಿದೋರು. ನಿಮ್ಮ "ಓದುವಾಗ ಎಲ್ಲಾ ಅರ್ಥ ಆಗುತ್ತೆ" ಇದ್ಯಲ್ಲ, ಅದು ಇದೇ. ಕಣ್ಣಿಗೆ ಪರಿಚಯ ಆಗಿದ್ದನ್ನ ಮನಸ್ಸು ತಿಳಿದಿದೆ ಅಂತ ಲೆಕ್ಕ ಹಾಕ್ಕೊಳ್ಳುತ್ತೆ.

ಹಾಗಾಗಿ ಹೈಲೈಟರ್ ಪಕ್ಕಕ್ಕಿಡಿ. ಒಂದು ನೋಟ್ ಬುಕ್ ತಗೊಂಡು ಪುಟದ ಮಧ್ಯ ಗೆರೆ ಎಳೆದು ಜೋಡಿಗಳನ್ನ ಬರೀರಿ, ಋಣಾತ್ಮಕ ಪುನರ್ಬಲನ ಒಂದು ಕಡೆ ಶಿಕ್ಷೆ ಇನ್ನೊಂದು ಕಡೆ, ಸಂವೇದನೆ ಮತ್ತು ಪ್ರತ್ಯಕ್ಷಾನುಭವ, ದಮನ ಮತ್ತು ನಿಗ್ರಹ, ವಿಶ್ವಸನೀಯತೆ ಮತ್ತು ಸಿಂಧುತ್ವ (ತಲೆಯ ಸುತ್ತಳತೆ ಅಳೆದು ಬುದ್ಧಿ ಹೇಳ್ತೀನಿ ಅಂದ್ರೆ, ಎಷ್ಟು ಸಲ ಅಳೆದ್ರೂ ಅದೇ ಅಂಕಿ ಬರುತ್ತೆ, ವಿಶ್ವಸನೀಯ, ಆದ್ರೆ ಅದು ಬುದ್ಧಿಯ ಅಳತೆ ಅಲ್ಲ, ಸಿಂಧುತ್ವ ಇಲ್ಲ). ಪ್ರತಿ ಜೋಡಿಗೂ ವ್ಯಾಖ್ಯೆ ಬರೀಬೇಡಿ, ಬೇರೆ ಮಾಡೋ ಒಂದು ಪ್ರಶ್ನೆ ಬರೀರಿ, ಮತ್ತೆ ನಿಮ್ಮ ಮನೆ, ನಿಮ್ಮ ಬಸ್ಸು, ನಿಮ್ಮ ಕ್ಲಾಸಿಂದ ಒಂದೊಂದು ಉದಾಹರಣೆ ನೀವೇ ಹುಟ್ಟಿಸಿ. ಪುಸ್ತಕದ ಉದಾಹರಣೆ ಬರೆದ್ರೆ ಪ್ರಯೋಜನ ಇಲ್ಲ, ಅದೇ ಉದಾಹರಣೆ ಟೆಸ್ಟಲ್ಲಿ ಬರಲ್ಲ. ಮಾಕ್ ಟೆಸ್ಟ್ ಬಿಡಿಸುವಾಗ ಅಧ್ಯಾಯವಾರು ಬೇಡ, ಕಲಸಿ ಬಿಡಿಸಿ. ಅಧ್ಯಾಯದ ಹೆಡ್ಡಿಂಗೇ ಅರ್ಧ ಉತ್ತರ ಹೇಳ್ಬಿಡುತ್ತೆ, ಪರೀಕ್ಷೆ ಹಾಲಲ್ಲಿ ಹೆಡ್ಡಿಂಗ್ ಇರಲ್ಲ. ತಪ್ಪಾದಾಗ ಸರಿ ಉತ್ತರ ಎ ಅಂತ ನೋಡಿ ಪುಟ ತಿರುವಬೇಡಿ, ನಾನು ಬಿ ಅಂದಿದ್ದೆ, ಬಿ ಯಾಕೆ ಅಲ್ಲ ಅಂತ ಒಂದು ಸಾಲು ಬರೀರಿ. ಎರಡು ದಿನ ಬಿಟ್ಟು, ಮತ್ತೆ ಒಂದು ವಾರ ಬಿಟ್ಟು ಅದೇ ಪ್ರಶ್ನೆಗೆ ವಾಪಸ್ ಬನ್ನಿ. ಮೊದಮೊದಲು ಇದು ಓದೋದಕ್ಕಿಂತ ಕಷ್ಟ ಅನ್ಸುತ್ತೆ, ಏನೂ ಬರ್ತಿಲ್ಲ ಅಂತ ಸಿಟ್ಟೂ ಬರುತ್ತೆ. ಬರಲಿ, ಆ ಕಷ್ಟಪಟ್ಟು ನೆನೆಸ್ಕೊಳ್ಳೋದೇ ಕೆಲಸ ಮಾಡೋದು.

ಕೊನೇ ಪ್ರಶ್ನೆ, ಮೊದಲು ತೋಚಿದ್ದನ್ನ ಬದಲಾಯಿಸಬಾರದು ಅನ್ನೋದು. ಇದು ನಿಜ ಅಲ್ಲ, ಮತ್ತೆ ಇದನ್ನ ಪರೀಕ್ಷೆ ಮಾಡಿದ್ದೂ ಸೈಕಾಲಜಿಯವರೇ, ಅದೂ ಸೈಕಾಲಜಿ ವಿದ್ಯಾರ್ಥಿಗಳ ಪೇಪರ್ ಮೇಲೆ. ಜಸ್ಟಿನ್ ಕ್ರುಗರ್ ಮತ್ತೆ ಜೊತೆಗಾರರು 2005ರಲ್ಲಿ 1500ಕ್ಕಿಂತ ಹೆಚ್ಚು ಉತ್ತರ ಪತ್ರಿಕೆಗಳಲ್ಲಿ ಅಳಿಸಿ ಬರೆದ ಗುರುತುಗಳನ್ನ ಲೆಕ್ಕ ಹಾಕಿದ್ರು. ಬದಲಾಯಿಸಿದ ಉತ್ತರಗಳಲ್ಲಿ ಅರ್ಧದಷ್ಟು ತಪ್ಪಿಂದ ಸರಿಗೆ ಹೋಗಿದ್ವು, ಸರಿಯಿಂದ ತಪ್ಪಿಗೆ ಹೋದದ್ದು ಕಾಲು ಭಾಗ, ಉಳಿದದ್ದು ತಪ್ಪಿಂದ ತಪ್ಪಿಗೆ. ಆದ್ರೂ ಎಲ್ಲರೂ ಬದಲಾಯಿಸಬಾರದಿತ್ತು ಅಂತಾನೇ ನಂಬ್ತಾರೆ, ಯಾಕಂದ್ರೆ ಸರಿ ಇದ್ದದ್ದನ್ನ ನಾವೇ ಕೆಡಿಸಿದ ಹೊಟ್ಟೆ ಉರಿ ತುಂಬಾ ದಿನ ನೆನಪಿರುತ್ತೆ, ಬದಲಾಯಿಸಿ ಗೆದ್ದದ್ದು ನೆನಪಿರಲ್ಲ. ಹಾಗಾಗಿ ಕಾರಣ ಹೊಳೆದ್ರೆ ಬದಲಾಯಿಸಿ, ಬರೀ ದಿಗಿಲಿಗೆ ಬದಲಾಯಿಸಬೇಡಿ. ಒಂದೇ ತೊಂದರೆ, ಟಿಇಟಿಯ ಓಎಂಆರ್ ಶೀಟಲ್ಲಿ ಪೆನ್ನಲ್ಲಿ ತುಂಬಿದ ಮೇಲೆ ತಿದ್ದೋಕಾಗಲ್ಲ. ಡೌಟಿರೋ ಪ್ರಶ್ನೆಗೆ ಪ್ರಶ್ನೆಪತ್ರಿಕೆಯಲ್ಲೇ ಸಣ್ಣ ಗುರುತು ಹಾಕಿ ಮುಂದೆ ಹೋಗಿ, ಕೊನೇಲಿ ವಾಪಸ್ ಬಂದು ಇನ್ನೊಂದು ಸಲ ನೋಡಿ ಆಮೇಲೆ ಉತ್ತರದ ವೃತ್ತ ತುಂಬಿ. ನೆಗೆಟಿವ್ ಮಾರ್ಕಿಂಗ್ ಇಲ್ಲದ ಪರೀಕ್ಷೆ ಅದು, ಒಂದೂ ಖಾಲಿ ಬಿಡಬೇಡಿ.